ತಬು ತೊಗಟೆ

ವಾಪಸು ಕೊಡಬೇಕಾದದ್ದು ಒಂದಿದೆ, ರಾಜು-ಸಾನ್ ಒಂದು ಸಲ ಮನೆಗೆ ಬಂದು ಹೋಗಲಿ ಎಂದು ಫುಮಿ-ಸಾನ್ ಊದುಬತ್ತಿ ಕಾರ್ಖಾನೆಗೆ ಫೋನು ಮಾಡಿದ್ದು ಮಂಗಳವಾರ. ಗುರುವಾರ ಬೆಳಿಗ್ಗೆ ನಲ್ಲಿಯ ಕೆಳಗೆ ಕೈಯೊಡ್ಡಿ ನಿಂತಿದ್ದ ಲಿಂಗರಾಜುವಿನ ತಲೆಯಲ್ಲಿ ಆ ಮಾತು ಇನ್ನೂ ಸುತ್ತುತ್ತಲೇ ಇತ್ತು. ಫುಮಿ-ಸಾನ್‌ಳ ಗಂಡ ಹಮಾಗುಚಿಯವರು ತೀರಿಕೊಂಡು ನಲವತ್ತೊಂಬತ್ತು ದಿನ ತುಂಬಿದ್ದು ಹೋದ ಭಾನುವಾರ. ಅಷ್ಟು ದಿನ ಕಳೆದ ಮೇಲೆ ಜಪಾನಿನ ಈ ದ್ವೀಪದವರು ಸತ್ತವರ ಕಪಾಟು ತೆಗೆದು, ಯಾರದ್ದು ಯಾರಿಗೆ ಸೇರಬೇಕೋ ಅವರಿಗೆ ಸೇರಿಸಿಬಿಡುತ್ತಾರೆ. ಅದರಲ್ಲಿ ವಿಶೇಷವೇನೂ ಇಲ್ಲ. ಆದರೆ ತಾನು ಆ ಮನೆಗೆ ಕೊಟ್ಟದ್ದಾದರೂ ಏನು? ಕೊಟ್ಟದ್ದು ನೆನಪಿಗೆ ಬರಲಿಲ್ಲ, ಕಸಿದುಕೊಂಡದ್ದು ಮಾತ್ರ ನೆನಪಿತ್ತು. ಉಗುರಿನ ಸಂದಿಯಲ್ಲಿ ಕಂದು ಬಣ್ಣದ ಗೆರೆ. ತಬು ಮರದ ತೊಗಟೆಯ ಪುಡಿ ಸೋಪಿಗೆ ಹೋಗುವಂಥದ್ದಲ್ಲ. ನೀರು ಬಿದ್ದಷ್ಟೂ ಲೋಳೆಯಾಗಿ ಇನ್ನೂ ಗಟ್ಟಿಯಾಗಿ ಕೂರುತ್ತದೆ. ಒಣಬಟ್ಟೆಯಲ್ಲಿ ಮೊದಲು ಉಜ್ಜಬೇಕು, ಆಮೇಲೆ ತೊಳೆಯಬೇಕು. ಇದನ್ನು ಹೇಳಿಕೊಟ್ಟವರೂ ಹಮಾಗುಚಿಯವರೇ.

"ರೀ, ನೀರು ಸುಮ್ನೆ ಹೋಗ್ತಿದೆ," ಎಂದಳು ರತ್ನಾ ಅಡುಗೆಮನೆಯಿಂದ. ಅವನು ನಲ್ಲಿ ನಿಲ್ಲಿಸಿ ಬಂದು ಕೂತ. ಅವಳು ಅವಲಕ್ಕಿಯ ತಟ್ಟೆ ಮುಂದಿಟ್ಟು ಅವನ ಮುಖ ನೋಡಿದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳು ಕಲಿತದ್ದು ಗಂಡನ ಮಾತಿಗಿಂತ ಅವನು ತಿನ್ನುವ ರೀತಿಯನ್ನು ನಂಬುವುದು.

"ಏನೂ ಇಲ್ಲ ಕಣ್ರೀ. ನಾನು ಕೊಟ್ಟಿದ್ದೆನಲ್ಲ, ಚಕ್ಕುಲಿ ಒರಳು? ಹಿತ್ತಾಳೇದು? ಅದೇ ಇರ್ಬೇಕು. ಆವಾಗ ಅವರ ಮನೇಲಿ ಕೂತು ಓಂಪುಡಿ ಮಾಡಿ ತೋರಿಸಿದ್ದೆ, ಇಟ್ಕೊಳ್ಳಿ ಅಂತ ಬಿಟ್ಟು ಬಂದಿದ್ದೆ."

"ಅದಕ್ಕೆ ನನ್ನೇ ಯಾಕೆ ಕರೀಬೇಕು? ನಿನ್ನ ಕರೀಬಹುದಿತ್ತು."

"ಕರ್ದಿದ್ದಾರೆ, ಹೋಗಿ. ಫೋಟೋ ಮುಂದೆ ಬತ್ತಿ ಹಚ್ಚಿ, ಕೈಮುಗಿದು, ಅವರು ಕೊಟ್ಟ ಟೀ ಕುಡಿದು, ಎದ್ದು ಬನ್ನಿ. ಬೇರೆ ಮಾತು ಬೇಡ." ಅವಳು ಸ್ವಲ್ಪ ತಡೆದು ದನಿ ತಗ್ಗಿಸಿದಳು, ಮನೆಯಲ್ಲಿ ಇನ್ಯಾರೂ ಇರಲಿಲ್ಲವಾದರೂ. "ಏಪ್ರಿಲ್‌ಗೆ ಕೃತಿ ಹೈಸ್ಕೂಲು. ಜುಲೈಗೆ ವೀಸಾ. ಈಗ ಬಾಯಿ ಬಿಟ್ಟು ಏನ್ ಸಾಧಿಸ್ತೀರಾ? ಸತ್ತೋರು ಎದ್ದು ಬರ್ತಾರಾ?"

ಅವಳೊಬ್ಬಳಿಗೇ ಹೇಳಿದ್ದ. ಹೇಳಿದ ದಿನ ಅವಳು ಅಳಲಿಲ್ಲ, ಬೈಯಲಿಲ್ಲ. ಸೌಟು ಕೆಳಗಿಟ್ಟು, "ಇನ್ನು ಯಾರಿಗೂ ಹೇಳ್ಬೇಡಿ," ಎಂದಷ್ಟೇ ಅಂದು ಸೌಟು ಮತ್ತೆ ಎತ್ತಿಕೊಂಡಿದ್ದಳು. ಆ ಕ್ಷಣ ಅವನಿಗೆ ಎಷ್ಟು ಹಗುರವೆನಿಸಿತ್ತೆಂದರೆ, ಪಾಪವನ್ನು ಇಬ್ಬರು ಹೊತ್ತರೆ ಅರ್ಧರ್ಧವಾಗುತ್ತದೆ ಎಂದೇ ನಂಬಿದ್ದ. ಆಗುವುದಿಲ್ಲ. ಇಬ್ಬರಿಗೂ ಇಡಿಯಾಗಿಯೇ ಸಿಗುತ್ತದೆ.

ಕಾರ್ಖಾನೆಯಲ್ಲಿ ಹಮಾಗುಚಿಯವರ ಏಪ್ರನ್ ತೂಗುತ್ತಿದ್ದ ಕೊಕ್ಕೆಯಲ್ಲಿ ಈಗ ಅವನದು ತೂಗುತ್ತದೆ. ಮೊದಲ ದಿನ ಬೇರೆ ಕೊಕ್ಕೆಗೆ ಹಾಕಿದ್ದ. ಮಾರನೆಯ ಬೆಳಿಗ್ಗೆ ಯಾರೋ ತೆಗೆದು ಇಲ್ಲಿಗೇ ಹಾಕಿದ್ದರು, ಹಿಟ್ಟು ನಾದುವವನ ಜಾಗ ಇದು ಎಂಬಂತೆ. ಅವನು ಈ ದ್ವೀಪಕ್ಕೆ ಬಂದದ್ದು ನಾದುವುದಕ್ಕಲ್ಲ. ಕೋಬೆಯಲ್ಲಿ ಮೂರು ತಲೆಮಾರಿನಿಂದ ಗಂಧ ಮಾರುವ ಒಬ್ಬ ಗುಜರಾತಿ ಸೇಠು ಮೈಸೂರಿನಿಂದ ಅವನನ್ನು ಕರೆಸಿ, ಸಾಮಾನು ಪರೀಕ್ಷಿಸಿ ಖರೀದಿಸಬಲ್ಲವನು ಎಂದು ಇಲ್ಲಿಗೆ ಕೂರಿಸಿದ್ದ. ಗಂಧದ ಚಕ್ಕೆ, ಲವಂಗ, ಲೋಬಾನ, ಬೇರು, ತೊಗಟೆ, ಯಾವುದಿದ್ದರೂ ಮೂಸಿ, ನಾಲಗೆಗೆ ತಾಗಿಸಿ, ಬೆರಳ ನಡುವೆ ಉಜ್ಜಿ ಹೇಳಬಲ್ಲ. ಅಪ್ಪ ಕಲಿಸಿದ್ದು. ಅಪ್ಪ ಮಂಡಿಮೊಹಲ್ಲಾದಲ್ಲಿ ಊದುಬತ್ತಿಯ ಸಾಮಾನು ಹಂಚುತ್ತಿದ್ದ. ಮನೆಮನೆಯ ಹೆಂಗಸರು ಮಣೆಯ ಮೇಲೆ ಬಿದಿರುಕಡ್ಡಿಗೆ ಕಪ್ಪು ಹಿಟ್ಟು ಹೊಸೆದು ಸಾವಿರದ ಲೆಕ್ಕದಲ್ಲಿ ಕಟ್ಟಿ ಕೊಡುತ್ತಿದ್ದರು. ಅವತ್ತು ಬೆಳಿಗ್ಗೆ ಕಾರ್ಖಾನೆಯ ಯಜಮಾನ ನಕಾನಿಶಿ-ಸಾನ್ ಗಂಟು ಕಟ್ಟಿದ ಪೆಟ್ಟಿಗೆಯೊಂದನ್ನು ಎರಡೂ ಕೈಯಲ್ಲಿ ಹಿಡಿದು ಬಂದರು. ಒಳ್ಳೆಯ ಜಾತಿಯ ಬತ್ತಿ, ಫುಮಿ-ಸಾನ್‌ಗೆ ಕೊಡಬೇಕು.

"ನಾನು ಭಾನುವಾರ ಹೋಗಿದ್ದೆ," ಎಂದರು. "ಎಂಥ ಕೈ ಅದು! ನಮ್ಮಪ್ಪನ ಕಾಲದಿಂದ ನಾದಿದ ಕೈ. ಆದರೆ ರಾಜು-ಸಾನ್, ಕೈಗೂ ವಯಸ್ಸಾಗುತ್ತೆ. ನಾನೇ ಮೊದಲು ನೋಡಿ ಹೇಳಬೇಕಿತ್ತು. ನಾಚಿಕೆಪಟ್ಟುಕೊಂಡು ಹೇಳಲಿಲ್ಲ. ತಪ್ಪು ನನ್ನದು."

ಲಿಂಗರಾಜು ತಲೆಬಗ್ಗಿಸಿದ. ಈ ದೇಶದಲ್ಲಿ ತಲೆಬಗ್ಗಿಸುವುದು ಎಷ್ಟು ಅನುಕೂಲ. ಕಣ್ಣು ಕಣ್ಣು ಸೇರುವ ಹೊತ್ತಿಗೆ ಸರಿಯಾಗಿ ಮುಖ ನೆಲಕ್ಕೆ ಹೋಗಿರುತ್ತದೆ. ಪ್ಯಾಕಿಂಗ್ ಮೇಜಿನ ಹಿಂದಿನಿಂದ ಒಕಾದಾ-ಸಾನ್ ಎಂಬ ದಪ್ಪ ಹೆಂಗಸು, "ರಾಜು-ಸಾನ್, ಮಂಡಿ ಮಡಚಿ ಕೂತು ಕಾಲು ಸತ್ತುಹೋದರೆ ಫೋನ್ ಮಾಡಿ. ಫೋರ್ಕ್‌ಲಿಫ್ಟ್ ಕಳಿಸ್ತೀನಿ," ಎಂದಳು. ಎಲ್ಲರೂ ನಕ್ಕರು. ಅವನೂ ನಕ್ಕ. ಹೋದ ವರ್ಷ ಯಾರದೋ ತಿಥಿಯಲ್ಲಿ ಅವನು ಏಳಲಾರದೆ ಗೋಡೆ ಹಿಡಿದು ನಿಂತದ್ದನ್ನು ಊರೇ ನೋಡಿತ್ತು. ಆಗ ತೋಳು ಹಿಡಿದು ಎಬ್ಬಿಸಿದವರೂ ಹಮಾಗುಚಿಯವರೇ. ಅಂದರೆ ಆ ಪತ್ರ ಬಂದ ಮೇಲೆ. ಕೆಲಸ ಬಿಟ್ಟ ಮೇಲೆ.

ಪತ್ರವನ್ನು ಯಜಮಾನರು ಬೆಳಗಿನ ಸಭೆಯಲ್ಲಿ ಗಟ್ಟಿಯಾಗಿ ಓದಿದ್ದರು. ಜಪಾನಿನ ಈಶಾನ್ಯ ಕಡಲ ದಂಡೆಯ ಊರೊಂದರ ಮುದುಕಿ ಬರೆದದ್ದು. ಭೂಕಂಪ, ಸಮುದ್ರ ಎರಡೂ ಸೇರಿ ಅವಳ ಗಂಡನನ್ನೂ ಸೊಸೆಯನ್ನೂ ಒಯ್ದಿದ್ದವು. ಮೊದಲ ವರ್ಷದ ತಿಥಿಗೆ ಸಲ್ಲಲಿ ಎಂದು ಇಲ್ಲಿಂದ ಅಲ್ಲಿಯ ತಗಡಿನ ಮನೆಗಳಿಗೆಲ್ಲ ಬತ್ತಿಯ ಕಟ್ಟು ಕಳಿಸಿದ್ದರು. ಆ ಯೋಚನೆ ಹಮಾಗುಚಿಯವರದು. ತೊಂಬತ್ತೈದರಲ್ಲಿ ಈ ದ್ವೀಪ ನಡುಗಿ ಅವರ ಮನೆ ಕುಸಿದಾಗ ಆ ಕಡೆಯವರು ಕಂಬಳಿ ಕಳಿಸಿದ್ದರಂತೆ. ಮುದುಕಿ ಬರೆದಿದ್ದಳು: ನೀವು ಕಳಿಸಿದ ಬತ್ತಿಯ ಪರಿಮಳ ಬಹಳ ಚೆನ್ನಾಗಿದೆ. ನಮ್ಮ ಈ ಮನೆಯ ಗೋಡೆ ತೆಳು, ತೇವ ಹೆಚ್ಚು, ಅದಕ್ಕೇ ಇರಬೇಕು, ಅರ್ಧಕ್ಕೆ ಆರಿಹೋಗುತ್ತದೆ. ನಾವು ಮತ್ತೆ ಹಚ್ಚುತ್ತೇವೆ. ಹೋದವರು ಅರ್ಧ ದಾರಿಯಲ್ಲಿ ನಿಲ್ಲಬಾರದಲ್ಲ. ಸರಿಯಾಗಿ ಇಡಲು ಬಾರದ ನಮ್ಮನ್ನು ಕ್ಷಮಿಸಿ.

ಓದಿ ಮುಗಿದಾಗ ಹಮಾಗುಚಿಯವರು ಒಂದು ಹೆಜ್ಜೆ ಮುಂದೆ ಬಂದು ಸೊಂಟ ಬಗ್ಗಿಸಿ ನಿಂತರು. ಹಿಟ್ಟು ನಾದಿದ್ದು ನಾನು, ತಪ್ಪು ನನ್ನ ಕೈಯದು ಎಂದರು. ಎಪ್ಪತ್ತೊಂದು ವರ್ಷದ ಬೆನ್ನು ಅಷ್ಟು ಹೊತ್ತು ಬಗ್ಗಿರುವುದನ್ನು ನೋಡಲಾರದೆ ಯಜಮಾನರೇ ಎರಡು ಸಲ, ಏಳಿ ಏಳಿ ಎಂದರು. ಲಿಂಗರಾಜು ಮೂರು ಹೆಜ್ಜೆ ದೂರದಲ್ಲಿದ್ದ. ಅವರ ನೆತ್ತಿಯಲ್ಲಿ ಕೂದಲು ತೆಳುವಾಗಿ ಗುಲಾಬಿ ಬಣ್ಣದ ಚರ್ಮ ಕಾಣುತ್ತಿತ್ತು. ಅದರ ಮೇಲೊಂದು ಸಣ್ಣ ಮಚ್ಚೆ. ಈಗ ಹೇಳಬೇಕು, ಈಗ, ಎಂದು ಮನಸ್ಸು ಅನ್ನುತ್ತಿತ್ತು. ಅವನು ಆ ಮಚ್ಚೆಯನ್ನೇ ನೋಡುತ್ತ, ಅದು ಹುಟ್ಟಿನಿಂದ ಬಂದದ್ದೋ ವಯಸ್ಸಿನಿಂದ ಬಂದದ್ದೋ ಎಂದು ಯೋಚಿಸುತ್ತಿದ್ದ. ಸಭೆ ಮುಗಿದೇಹೋಯಿತು.

ಮಧ್ಯಾಹ್ನ ಎರಡಕ್ಕೆ ಪೆಟ್ಟಿಗೆ ಹಿಡಿದು ಹೊರಟ. ಬಂದರಿನ ಪಕ್ಕದ ದಾರಿ. ಬಲೆ ಒಣಗಿಸುವ ಕಟ್ಟೆ ದಾಟಿದರೆ ದಿಬ್ಬ, ದಿಬ್ಬದ ಮೇಲೆ ಸಣ್ಣ ದೇವಸ್ಥಾನ, ಅದರ ಬೆನ್ನಿಗೆ ಕಡಲಿನವರೆಗೆ ದಟ್ಟ ತೋಪು. ದ್ವೀಪದ ಹಳೆಯ ಕಾಡಿನಲ್ಲಿ ಇನ್ನೂ ಉಳಿದಿರುವುದು ಇಂಥ ದೇವರ ತುಂಡುಗಳು ಮಾತ್ರ ಎಂದು ಹಮಾಗುಚಿಯವರು ಹೇಳಿದ್ದರು. ಎಲ್ಲಕ್ಕಿಂತ ದೊಡ್ಡದು ತಬು ಮರ. ವರ್ಷವಿಡೀ ಹಸಿರು, ಚಳಿಗೂ ಎಲೆ ಉದುರಿಸುವುದಿಲ್ಲ. ಉಪ್ಪುಗಾಳಿಗೆ ಬೆನ್ನು ಕೊಟ್ಟು ನಿಂತು ನಿಂತು ಒಂದು ಮಗ್ಗುಲು ಒಣಗಿ ಇನ್ನೊಂದು ಮಗ್ಗುಲಿಗೇ ಬೆಳೆದದ್ದು. ಮೊದಲ ವರ್ಷ ಅವರು ಅವನನ್ನು ಇಲ್ಲಿಗೇ ಕರೆತಂದಿದ್ದರು. ಭಾಷೆ ಇರಲಿಲ್ಲ. ಒಂದು ಎಲೆ ಕಿತ್ತು, ಮುರಿದು, ಅವನ ಮೂಗಿನ ಕೆಳಗೆ ಹಿಡಿದಿದ್ದರು. ಲಿಂಗರಾಜು ಅದನ್ನು ಕೈಗೆ ತೆಗೆದುಕೊಂಡು ಮತ್ತೆ ಮೂಸಿದ್ದ. ಗುಳಮಾವು. ಅಪ್ಪನ ಗೋಣಿಚೀಲದ ವಾಸನೆ; ಘಟ್ಟದಿಂದ ತೊಗಟೆ ಬರುತ್ತಿದ್ದ ಮರದ್ದೇ ಒಡಹುಟ್ಟು ಇಲ್ಲಿ, ಈ ಕಡಲ ಅಂಚಿನಲ್ಲಿ. ನಮ್ಮಲ್ಲೂ ಇದೆ, ನಮ್ಮಲ್ಲೂ ಇದೆ ಎಂದು ಕನ್ನಡದಲ್ಲೇ ಕೂಗಿಬಿಟ್ಟಿದ್ದ. ಹಮಾಗುಚಿಯವರು ಅರ್ಥವಾದವರಂತೆ ನಕ್ಕು, ತೊಗಟೆಯ ಮೇಲೆ ಅಂಗೈ ಇಟ್ಟು, ಬೆರಳುಗಳನ್ನು ಒಂದಕ್ಕೊಂದು ಹೆಣೆದು ತೋರಿಸಿದ್ದರು: ಇದಕ್ಕೆ ತನ್ನದೆಂಬ ಪರಿಮಳ ಇಲ್ಲ, ಮಿಕ್ಕ ಎಲ್ಲವನ್ನೂ ಹಿಡಿದಿಡುವುದು ಇದೇ.

ಎಲ್ಲಿ ಎಡವಿದ್ದು ಎಂದು ಈಗ ಅವನಿಗೆ ಚೆನ್ನಾಗಿ ಗೊತ್ತು. ಒಡಹುಟ್ಟು ಅಂದರೆ ಒಂದೇ ಎಂದುಕೊಂಡದ್ದು. ಕಳೆದ ವರ್ಷ ಫೆಬ್ರವರಿಯಲ್ಲಿ ದಕ್ಷಿಣದ ತಬು ಪುಡಿ ಬರಬೇಕಿತ್ತು, ಬರಲಿಲ್ಲ. ತೊಗಟೆ ಕೆತ್ತುವ ಮುದುಕರು ಕಾಯಿಲೆ ಬಿದ್ದಿದ್ದರು, ಇನ್ನೂ ಮೂರು ವಾರ ಎಂದರು. ತಿಥಿಗೆ, ಅಂದರೆ ಮಾರ್ಚ್ ಹನ್ನೊಂದರೊಳಗೆ, ಬತ್ತಿ ಈಶಾನ್ಯಕ್ಕೆ ತಲುಪಬೇಕು. ಗೋಡೌನಿನ ಮೂಲೆಯಲ್ಲಿ ಅವನೇ ಮೈಸೂರಿನಿಂದ ಮಾದರಿಗೆಂದು ತರಿಸಿದ್ದ ಜಿಗಟು, ಅಂದರೆ ಗುಳಮಾವಿನ ತೊಗಟೆಯ ಪುಡಿ, ನಾಲ್ಕು ಚೀಲ ಇತ್ತು. ಒಂದು ಭಾನುವಾರ ಯಾರೂ ಇಲ್ಲದಾಗ ಹೋಗಿ, ಉಳಿದಿದ್ದ ತಬು ಪುಡಿಯ ಜೊತೆ ಅದನ್ನು ಬೆರೆಸಿ, ಸೋಮವಾರ ಯಜಮಾನರಿಗೆ, ಸಾಮಾನು ಬಂತು ಎಂದ. ಮೋಸ ಮಾಡುವ ಮನಸ್ಸಿರಲಿಲ್ಲ. ಕೆಲಸ ನಡೆಸುವ ಚಾಲಾಕಿತನ ಇತ್ತು, ಎಲ್ಲರೂ ಕೈಚೆಲ್ಲಿ ಕೂತಾಗ ನಾನು ದಾಟಿಸಿದೆ ಎಂಬ ಹೆಮ್ಮೆ ಇತ್ತು. ಪರೀಕ್ಷೆಯನ್ನೂ ಮಾಡಿದ್ದ. ಪುಡಿ ಕಲಸಿ, ಬೆರಳ ನಡುವೆ ಎಳೆ ಎಳೆದು ನೋಡಿ, ಒಂದು ಬಿದಿರುಕಡ್ಡಿಗೆ ಹೊಸೆದು, ಒಣಗಿಸಿ, ಹಚ್ಚಿದ್ದ. ಕೊನೆಯವರೆಗೆ ಚೆನ್ನಾಗಿ ಉರಿದಿತ್ತು. ಉರಿಯದೆ ಏನು? ಅಪ್ಪನಿಂದ ಬಂದ ಅಭ್ಯಾಸ. ಕೈ ತಾನಾಗಿ ಬಿದಿರುಕಡ್ಡಿಯನ್ನು ಹುಡುಕಿತ್ತು. ಇಲ್ಲಿಯ ಬತ್ತಿಗೆ ಒಳಗೆ ಕಡ್ಡಿ ಇಲ್ಲ, ಹಿಟ್ಟೇ ಹಿಟ್ಟನ್ನು ಹಿಡಿದು ನಿಲ್ಲಬೇಕು, ಹಿಟ್ಟೇ ಉರಿಯಬೇಕು. ಜಿಗಟಿನ ಅಂಟು ಜಾಸ್ತಿ. ಕಡ್ಡಿ ಇದ್ದರೆ ಅದು ಉರಿದುಕೊಂಡು ಮಿಕ್ಕದ್ದನ್ನೂ ಎಳೆದೊಯ್ಯುತ್ತದೆ. ಇಲ್ಲದಿದ್ದರೆ ಬತ್ತಿ ಒಣಗುತ್ತ ಕಲ್ಲಾಗಿ, ಒಳಗೆ ಗಾಳಿ ಆಡದೆ, ನಡುವೆ ಎಲ್ಲೋ ಕೆಂಡ ಉಸಿರುಕಟ್ಟಿ ಸಾಯುತ್ತದೆ. ಎಂಟು ವರ್ಷ ಈ ಕಾರ್ಖಾನೆಯಲ್ಲಿದ್ದೂ, ಒಬ್ಬನೇ ಇದ್ದಾಗ ಅವನ ಕೈ ಮೈಸೂರಿನಲ್ಲೇ ಇತ್ತು.

ಇಷ್ಟೇ ಆಗಿದ್ದರೆ ತಪ್ಪು ಎನ್ನಬಹುದಿತ್ತು. ನಿದ್ದೆ ಕೆಡಿಸುವುದು ಇದಲ್ಲ. ಆ ಸೋಮವಾರ ಹಿಟ್ಟಿಗೆ ಕೈಯಿಟ್ಟ ಹಮಾಗುಚಿಯವರು ನಿಂತುಬಿಟ್ಟಿದ್ದರು. ಮತ್ತೆ ಹಿಸುಕಿ, ಒಂದು ಚೂರು ಕಿವಿಯ ಹತ್ತಿರ ಹಿಡಿದು ಮುರಿದು, "ರಾಜು-ಸಾನ್, ಇವತ್ತು ಹಿಟ್ಟು ಬೇರೆ ಇದೆ. ಎಳೆಯುತ್ತೆ," ಎಂದಿದ್ದರು. ಅವನು ನಗುತ್ತ, "ಹಿಟ್ಟಲ್ಲ, ಚಳಿ. ನಿಮ್ಮ ಕೈ ಮರಗಟ್ಟಿರಬೇಕು, ಹಮಾಗುಚಿ-ಸಾನ್," ಎಂದಿದ್ದ. ಅವರು ತಮ್ಮ ಎರಡೂ ಅಂಗೈ ತಿರುಗಿಸಿ ನೋಡಿಕೊಂಡರು. ಐವತ್ತು ವರ್ಷದಿಂದ ತಮ್ಮ ಜೊತೆಯೇ ಇದ್ದವನು ಇವತ್ತು ಸುಳ್ಳು ಹೇಳಿದ ಎಂಬಂತೆ. ಆಮೇಲೆ, "ಇರಬಹುದು," ಎಂದು ಇನ್ನಷ್ಟು ನೀರು ಹಾಕಿ ನಾದತೊಡಗಿದರು.

ತೋಪಿನ ಒಳಗೆ ಹೋಗುವ ಉದ್ದೇಶವಿರಲಿಲ್ಲ. ಆ ಮನೆ ಆದಷ್ಟು ತಡವಾಗಿ ಬರಲಿ ಎಂದೇ ಕಾಲು ಅತ್ತ ತಿರುಗಿತ್ತು. ತಬುವಿನ ತುದಿಗಳಲ್ಲಿ ದಪ್ಪ ಮೊಗ್ಗು ಒಡೆದು ಮಾವಿನ ಚಿಗುರಿನಂಥ ಕೆಂಪು ಇಣುಕುತ್ತಿತ್ತು. ಮರವನ್ನು ಒಂದು ಸುತ್ತು ಹಾಕಿ ಕಡಲ ಮಗ್ಗುಲಿಗೆ ಬಂದವನು ನಿಂತ. ಅತ್ತಿಂದ ಬರುವವರಿಗೆ ಕಾಣದ ಆ ಬದಿಯಲ್ಲಿ, ಎದೆಯ ಎತ್ತರದಲ್ಲಿ, ತೊಗಟೆಯನ್ನು ಅಂಗೈ ಅಗಲ ಚೌಕವಾಗಿ ಕೆತ್ತಿ ತೆಗೆದ ಗುರುತು. ಒಂದಲ್ಲ. ಹತ್ತು, ಹನ್ನೆರಡು. ಕೆಲವು ಒಣಗಿ ಅಂಚು ಮಡಚಿಕೊಂಡಿದ್ದವು. ಕೆಳಗಿನವುಗಳ ಕೆಂಪು ಇನ್ನೂ ಮಾಸಿರಲಿಲ್ಲ. ಅಚ್ಚುಕಟ್ಟಾದ ಕೆಲಸ, ಮರಕ್ಕೆ ಆದಷ್ಟು ಕಡಿಮೆ ನೋಯಲಿ ಎಂದು ದೂರ ದೂರ ಬಿಟ್ಟು ಕೆತ್ತಿದ್ದು. ದೇವರ ಮರಕ್ಕೆ ಕತ್ತಿ ಹಾಕುವವರು ಈ ಊರಿನಲ್ಲಿ ಯಾರು ಎಂದುಕೊಂಡ. ಯೋಚನೆ ಮುಂದಕ್ಕೆ ಹೋಗಲು ನೋಡಿತು, ಅವನು ಬಿಡಲಿಲ್ಲ. ಪೆಟ್ಟಿಗೆಯನ್ನು ಕಂಕುಳಿಗೆ ಒತ್ತಿಕೊಂಡು ದಿಬ್ಬ ಇಳಿದ.

ಫುಮಿ-ಸಾನ್ ಬಾಗಿಲಲ್ಲೇ ಕಾಯುತ್ತಿದ್ದಳು. ಇನ್ನಷ್ಟು ಕುಗ್ಗಿದ್ದಳು ಆಕೆ. ಮೊದಲೇ ಗುಬ್ಬಚ್ಚಿಯಂಥ ಹೆಂಗಸು. ಅವನು ಹೊಸಿಲ ಒಳಗೆ ಶೂ ಕಳಚಿಟ್ಟು ಮೇಲೆ ಹತ್ತಿದ. ಪ್ರತಿ ಸಲವೂ ಅವನು ಹೀಗೆ ಒಳಮುಖವಾಗಿಯೇ ಶೂ ಬಿಟ್ಟು ಹೋಗುತ್ತಾನೆ, ಪ್ರತಿ ಸಲವೂ ಆಕೆ ಬಗ್ಗಿ ಅವನ್ನು ಬಾಗಿಲ ಕಡೆಗೆ ತಿರುಗಿಸಿ ಜೋಡಿಸಿಡುತ್ತಾಳೆ, ಹೊರಡುವಾಗ ಕಾಲು ತೂರಿಸಿದರೆ ಸಾಕು ಎಂಬಂತೆ. ಈ ದ್ವೀಪದಲ್ಲಿ ಅತಿಥಿಗೆ ಹಾಗೆ ಮಾಡದ ಮನೆಯೇ ಇಲ್ಲ. ಮೊದಮೊದಲು ನಾಚಿಕೆಯಾಗುತ್ತಿತ್ತು, ಅಮ್ಮನ ವಯಸ್ಸಿನವಳು ತನ್ನ ಚಪ್ಪಲಿ ಮುಟ್ಟುವುದೆಂದರೆ. ಆಮೇಲೆ ಅಭ್ಯಾಸವಾಗಿತ್ತು.

ಒಳಗಿನ ಚಾಪೆಯ ಕೋಣೆಯಲ್ಲಿ ಫೋಟೋ. ಹಮಾಗುಚಿಯವರು ಹಬ್ಬದ ಕೋಟು ಹಾಕಿಕೊಂಡು ಯಾರನ್ನೋ ಕ್ಷಮೆ ಕೇಳುವವರ ಹಾಗೆ ನಗುತ್ತಿದ್ದರು. ಲಿಂಗರಾಜು ಮಂಡಿ ಮಡಚಿ ಕೂತು, ಯಜಮಾನರ ಪೆಟ್ಟಿಗೆಯನ್ನು ಎರಡೂ ಕೈಯಿಂದ ಮುಂದೆ ಸರಿಸಿದ. ಆಕೆ ತಲೆಬಗ್ಗಿಸಿ ತೆಗೆದುಕೊಂಡು ಪಕ್ಕಕ್ಕಿಟ್ಟಳು, ಬಿಚ್ಚಲಿಲ್ಲ. ಬದಲಿಗೆ ಫೋಟೋದ ಕೆಳಗಿದ್ದ ಕಟ್ಟಿನಿಂದ ಒಂದು ಬತ್ತಿ ತೆಗೆದು ಕೊಟ್ಟಳು. ಬೂದು ಕಾಗದ, ಮೇಲೆ ಹೂವಿನ ಚಿತ್ರ. ಅವನಿಗೆ ಕೂಡಲೇ ಗುರುತು ಸಿಕ್ಕಿತು. ಈಶಾನ್ಯಕ್ಕೆ ಕಳಿಸಿ, ಆಮೇಲೆ ಒಂದೊಂದೇ ವಾಪಸು ಬಂದ ಕಟ್ಟು.

"ಇದು..." ಎಂದ.

"ಸುಡುತ್ತೇವೆ ಅಂದರು ಕಾರ್ಖಾನೆಯವರು. ಬೇಡ, ಮನೆಗೆ ತರುತ್ತೇನೆ ಅಂತ ಇವರೇ ತಂದರು. ಮೂರು ಪೆಟ್ಟಿಗೆ. ಇವರು ನಾದಿದ್ದಲ್ಲವಾ, ಇವರಿಗೇ ಹಚ್ಚಿ ಮುಗಿಸುತ್ತಿದ್ದೇನೆ."

ಅವನು ಹಚ್ಚಿದ. ಜ್ವಾಲೆಯನ್ನು ಕೈಯಿಂದ ಬೀಸಿ ಆರಿಸಿ ಬೂದಿಯಲ್ಲಿ ನೆಟ್ಟು ಕೈಮುಗಿದ. ಕಣ್ಣು ಮುಚ್ಚಿದರೂ ಕಿವಿ ಕೆಂಡವನ್ನೇ ಕೇಳುತ್ತಿತ್ತು. ಆಕೆ ಟೀ ತಂದಳು, ಹವೆಯ ಮಾತಾಡಿದಳು, ರತ್ನಾ-ಸಾನ್ ಹೇಗಿದ್ದಾಳೆ, ಕೃತಿ-ಚಾನ್ ಎಷ್ಟು ಎತ್ತರವಾಗಿರಬೇಕು ಎಂದಳು. ಅವನು ಉತ್ತರ ಹೇಳುತ್ತ ಬತ್ತಿಯನ್ನೇ ನೋಡುತ್ತಿದ್ದ. ಅರ್ಧಕ್ಕೆ ಬಂದ ಹೊಗೆ ಒಮ್ಮೆ ತೆಳುವಾಯಿತು, ದಾರದಂತೆ ಅಲುಗಿತು, ನಿಂತಿತು. ಆಕೆ ಮಾತು ನಿಲ್ಲಿಸದೆ ಮೊಣಕಾಲಲ್ಲೇ ಮುಂದೆ ಸರಿದು ಕಡ್ಡಿ ಗೀರಿ ಮತ್ತೆ ಹಚ್ಚಿ ಹಿಂದೆ ಬಂದಳು. ಅಷ್ಟು ಸಲೀಸಾಗಿ, ದಿನಕ್ಕೆ ಎಷ್ಟೋ ಸಲ, ನಲವತ್ತೊಂಬತ್ತು ದಿನದಿಂದ ಮಾಡಿದ ಹಾಗೆ.

"ಇದು ನಿಮ್ಮದು," ಎಂದು ಆಕೆ ಬಟ್ಟೆಯ ಗಂಟೊಂದನ್ನು ಬಿಚ್ಚಿ ಮುಂದಿಟ್ಟಳು. ರತ್ನಾ ಹೇಳಿದ್ದೇ ಸರಿ. ಚಕ್ಕುಲಿ ಒರಳು. ಉಜ್ಜಿ ಥಳಥಳ ಮಾಡಿದ್ದಳು. ಇಷ್ಟೇ. ಟೀ ಕುಡಿದು ಎದ್ದರಾಯಿತು. ಒರಳನ್ನು ಎತ್ತಿಕೊಂಡ, ಅಭ್ಯಾಸದಿಂದ ಬೆರಳು ತಳದ ಬಿಲ್ಲೆಯ ಮೇಲೆ ಹೋಯಿತು. ಓಂಪುಡಿಯ ಸಣ್ಣ ತೂತಿನ ಬಿಲ್ಲೆ. ತೂತುಗಳಲ್ಲಿ ಕಂದು ಬಣ್ಣದ್ದೇನೋ ಒಣಗಿ ಕೂತಿತ್ತು. ಬೆರಳಿಗೆ ಗೊತ್ತಾಯಿತು, ಅವನಿಗಿಂತ ಮೊದಲು.

"ಎಷ್ಟು ತಿಕ್ಕಿದರೂ ಅದು ಹೋಗಲಿಲ್ಲ, ಕ್ಷಮಿಸಿ," ಎಂದಳು ಆಕೆ. "ತಿಂಡಿ ಮಾಡುವ ಸಾಮಾನನ್ನು ಹಾಳು ಮಾಡಿದರು. ಕೆಲಸ ಬಿಟ್ಟ ಮೇಲೆ ಇವರಿಗೆ ಅದೇ ಹುಚ್ಚು. ತಿಂಗಳಿಗೊಮ್ಮೆ ಬೆಳಗಾಗುವ ಮೊದಲು ದೇವಸ್ಥಾನದ ಮರದ ಹತ್ತಿರ ಹೋಗಿ ಒಂದು ತುಂಡು ತೊಗಟೆ ತರುವುದು. ಕದಿಯುವುದೇ, ಏನು ಹೇಳಲಿ. ಮೊದಲು ಕೈಮುಗಿದು ಕೇಳಿಕೊಂಡು ಕೆತ್ತುತ್ತಿದ್ದರಂತೆ. ಒಣಗಿಸಿ, ಹಿತ್ತಲ ಕಲ್ಲಲ್ಲಿ ಬೀಸಿ, ಜರಡಿ ಹಿಡಿದು, ನಾದಿ, ಇದರಲ್ಲಿ ಒತ್ತುವುದು. ಒತ್ತಿ ಒಣಗಿಸಿ ಹಚ್ಚಿ ನೋಡುತ್ತ ಕೂರುವುದು."

ಅವನು ಒರಳನ್ನು ಬಟ್ಟೆಯ ಮೇಲಿಟ್ಟ. "ಆಮೇಲೆ?"

"ಎಲ್ಲವೂ ಕೊನೆಯವರೆಗೆ ಉರಿದವು. ಒಂದೂ ಆರಲಿಲ್ಲ." ಆಕೆ ಫೋಟೋದ ಕೆಳಗಿನ ಡ್ರಾಯರ್ ಎಳೆದಳು. ಒಳಗೆ ಅಂಚಿನಿಂದ ಅಂಚಿಗೆ ತೆಳು ಕಂದು ಬತ್ತಿಗಳು, ಒಂದರ ಪಕ್ಕ ಒಂದು, ತಿಂಗಳ ಹೆಸರು ಬರೆದ ಕಾಗದದ ಪಟ್ಟಿ ಕಟ್ಟಿದ್ದು. "ಅದೇ ಇವರಿಗೆ ಹೆದರಿಕೆಯಾಯಿತು. ಮನೆಯಲ್ಲಿ ಸರಿಯಾಗಿ ಬರುತ್ತೆ, ಕಾರ್ಖಾನೆಯಲ್ಲಿ ಬರಲಿಲ್ಲ, ಹಾಗಾದರೆ ಕೆಟ್ಟಿರುವುದು ಕೈಯಲ್ಲ ಫುಮಿ, ನನ್ನ ತಲೆ ಅಂದರು. ಆ ದಿನ ನಾನು ಏನು ಮಾಡಿದೆ ಅಂತಲೇ ನನಗೆ ನೆನಪಿಲ್ಲವೇನೋ ಅಂದರು. ಡಾಕ್ಟರ ಹತ್ತಿರ ಹೋಗಿ ತಲೆಯ ಚಿತ್ರ ತೆಗೆಸಿಕೊಂಡರು. ಏನೂ ಇರಲಿಲ್ಲ. ಕಾಣದ ಕಡೆ ಇರಬೇಕು ಅಂದರು."

ಬತ್ತಿ ಮತ್ತೆ ಆರಿತ್ತು. ಆಕೆ ಹಚ್ಚಲು ಸರಿದಾಗ ಅವನು, "ಬೇಡ," ಎಂದ. ಆಕೆ ಕಡ್ಡಿಪೆಟ್ಟಿಗೆ ಹಿಡಿದೇ ತಿರುಗಿದಳು.

ಬರುವ ದಾರಿಯಲ್ಲಿ ಯಾವ ಮಾತನ್ನೂ ಕಟ್ಟಿಕೊಂಡಿರಲಿಲ್ಲ. ಹೇಳಬಾರದೆಂದೇ ಬಂದವನು. ಇದ್ದಷ್ಟು ಜಪಾನಿಯಲ್ಲಿ, ಅಂಗಡಿಯಲ್ಲಿ ಸಾಮಾನು ಕೇಳುವವನಂತೆ ತುಂಡು ತುಂಡಾಗಿ ಹೇಳಿದ. ತಬು ಪುಡಿ ಬಂದಿರಲಿಲ್ಲ. ನಮ್ಮ ದೇಶದ ಪುಡಿ ಹಾಕಿದೆ. ನಾನು. ಭಾನುವಾರ. ಯಾರಿಗೂ ಹೇಳಲಿಲ್ಲ. ಹಮಾಗುಚಿ-ಸಾನ್‌ಗೆ ಗೊತ್ತಾಗಿತ್ತು. ಹಿಟ್ಟು ಬೇರೆ ಎಂದರು. ನಾನು, ಕೈ ಕೆಟ್ಟಿದೆ ಎಂದೆ. ಕೈ ಸರಿ ಇತ್ತು. ತಲೆ ಸರಿ ಇತ್ತು. ಎಲ್ಲ ಸರಿ ಇತ್ತು.

ಹೊರಗೆ ಮೀನಿನ ದೋಣಿಯೊಂದು ಎಂಜಿನ್ ಹಾಕಿಕೊಂಡು ಬಂದರಿನೊಳಗೆ ಬರುತ್ತಿತ್ತು. ಅದು ಬಂದು ನಿಂತಿತು, ಎಂಜಿನ್ ಆರಿತು. ಆಕೆ ಕಡ್ಡಿಪೆಟ್ಟಿಗೆ ಕೆಳಗಿಟ್ಟಳು.

"ನಿಮಗೆ ಯಾವಾಗ ಗೊತ್ತಾಯಿತು?"

"ಪತ್ರ ಓದಿದ ದಿನ."

"ಏಪ್ರಿಲ್," ಎಂದಳು. ಡ್ರಾಯರಿನ ಕಡೆ ನೋಡಿದಳು; ಬೆರಳು ಮೊದಲ ಪಟ್ಟಿಯ ಮೇಲೆ ಹೋಯಿತು, ಅಲ್ಲಿಂದ ಕೊನೆಯ ಪಟ್ಟಿಯವರೆಗೆ ನಿಧಾನವಾಗಿ ಜರುಗಿತು. ಜನವರಿ. "ಕೈ ಮರಗಟ್ಟಿದೆ ಅಂತ ನೀವು ಅಂದದ್ದನ್ನು ಇವರು ಅವತ್ತೇ ಬಂದು ಹೇಳಿದ್ದರು. ಮರುದಿನದಿಂದ ಬಿಸಿನೀರಲ್ಲಿ ಎರಡೂ ಕೈ ಅದ್ದಿಕೊಂಡು ಕೂತು, ಆಮೇಲೆ ಕೆಲಸಕ್ಕೆ ಹೊರಡುತ್ತಿದ್ದರು. ನೀರು ನಾನೇ ಕಾಯಿಸಿ ಕೊಡುತ್ತಿದ್ದೆ."

"ನಾಳೆ ಯಜಮಾನರಿಗೆ ಹೇಳ್ತೀನಿ," ಎಂದ. ಹೇಳುತ್ತಿರುವಾಗಲೇ ರತ್ನಾಳ ಮುಖ, ಕೃತಿಯ ಹೊಸ ಯೂನಿಫಾರ್ಮು ಕಣ್ಣೆದುರು ಬಂದವು. ನಾಳೆ ಎಂಬ ಮಾತಿನ ಮೇಲೆ ಅವನಿಗೇ ಪೂರ್ತಿ ನಂಬಿಕೆ ಇರಲಿಲ್ಲ. ಆಕೆಗೂ ಇದ್ದಂತೆ ಕಾಣಲಿಲ್ಲ.

"ಅದು ನಿಮಗೂ ಕಾರ್ಖಾನೆಗೂ ಬಿಟ್ಟದ್ದು," ಎಂದಳು. ಡ್ರಾಯರಿನಿಂದ ಜನವರಿಯ ಕಟ್ಟು ತೆಗೆದು, ಒಂದು ಬತ್ತಿ ಎಳೆದು, ತಾನೇ ಹಚ್ಚಿ, ಆರಿದ್ದ ಬತ್ತಿಯನ್ನು ಕಿತ್ತು ಅದರ ಜಾಗದಲ್ಲಿ ನೆಟ್ಟಳು. "ಇದು ಮುಗಿಯುವವರೆಗೆ ಕೂತಿರಿ."

ಅಷ್ಟೇ. ದನಿಯಲ್ಲಿ ಕೋಪ ಇರಲಿಲ್ಲ, ಬೇರೆ ಯಾವುದೂ ಇರಲಿಲ್ಲ. ಅವನು ಕೂತ. ಗಂಧ ಹಾಕದ ಬತ್ತಿ. ಬರೀ ತಬು, ಬರೀ ತೊಗಟೆ. ಅಪ್ಪನ ಗೋಣಿಚೀಲದ ವಾಸನೆ. ಕೆಂಡ ಸಾಸಿವೆಕಾಳಿನಷ್ಟಿತ್ತು, ಹಿಂದೆ ಮುಂದೆ ನೋಡದೆ ಒಂದೇ ಸಮ ಇಳಿಯಿತು. ಮಂಡಿಯ ಕೆಳಗೆ ಮೊದಲು ನೋವು, ಆಮೇಲೆ ಉರಿ, ಆಮೇಲೆ ಏನೂ ಇಲ್ಲ. ಕಾಲು ಬದಲಿಸಬಹುದಿತ್ತು, ವಿದೇಶಿಯರು ಚಕ್ಕಳಬಕ್ಕಳ ಹಾಕಿ ಕೂತರೆ ಇಲ್ಲಿ ಯಾರೂ ಏನೂ ಅನ್ನುವುದಿಲ್ಲ. ಬದಲಿಸಲಿಲ್ಲ. ಒಂದು ಹಂತದಲ್ಲಿ, ಆರಿಹೋಗಲಿ ಎಂದು ಬಯಸುತ್ತಿರುವುದು ತನಗೇ ತಿಳಿಯಿತು. ಇದೊಂದು ಆರಿದರೆ, ಒಂದೇ ಒಂದು, ಆ ಕೈಯಲ್ಲಿ ನಿಜವಾಗಿಯೂ ಏನೋ ದೋಷವಿತ್ತು ಎಂದಾಗುತ್ತಿತ್ತು. ಸತ್ತ ಮೇಲೂ ಆ ಮನುಷ್ಯ ತಪ್ಪು ಮಾಡಲಿ ಎಂದು ಕಾಯುತ್ತಿದ್ದ. ಅರ್ಧ ದಾಟಿತು. ಫೋಟೋದ ನಗು ಬದಲಾಗಲಿಲ್ಲ. ಬೂದಿ ಬೀಳದೆ ಬಾಗಿ ಬೆರಳಿನಂತೆ ನಿಂತಿತು, ಮತ್ತೂ ಉದ್ದವಾಯಿತು. ಕೆಂಡ ತಳದ ಬೂದಿಯನ್ನು ಮುಟ್ಟಿ, ಅದರೊಳಗೂ ಸ್ವಲ್ಪ ಇಳಿದು, ಮುಗಿಯಿತು.

ಏಳಲು ನೋಡಿದ, ಆಗಲಿಲ್ಲ. ಸೊಂಟದ ಕೆಳಗೆ ಬೇರೆ ಯಾರದೋ ಕಾಲು. ಆಕೆ ಎರಡು ಮಾರು ದೂರದಲ್ಲಿ ಮಡಿಲಲ್ಲಿ ಕೈಯಿಟ್ಟುಕೊಂಡು ಕೂತಿದ್ದಳು. ನೋಡುತ್ತಲೂ ಇರಲಿಲ್ಲ, ನೋಡದೆಯೂ ಇರಲಿಲ್ಲ. ಅವನು ಅಂಗೈ ಊರಿ, ಕಾಲು ಎಳೆದುಕೊಂಡು, ಮಗುವಿನಂತೆ ಚಾಪೆಯ ಅಂಚಿನವರೆಗೆ ತೆವಳಿದ. ಒರಳಿನ ಗಂಟನ್ನು ಮುಂದೆ ಮುಂದೆ ತಳ್ಳುತ್ತ ಹೋದ. ಪ್ರತಿ ಸಲ ಅದು ನೆಲಕ್ಕೆ ತಾಗಿ ಟಣ್ ಎನ್ನುತ್ತಿತ್ತು. ಬಾಗಿಲ ಚೌಕಟ್ಟು ಹಿಡಿದು ಹೇಗೋ ನಿಂತು, ತಿರುಗಿ ತಲೆಬಗ್ಗಿಸಿದ. ಆಕೆಯೂ ಕೂತಲ್ಲಿಂದಲೇ ಬಗ್ಗಿದಳು, ಎಷ್ಟು ಬಗ್ಗಬೇಕೋ ಅಷ್ಟು. ಕಳಿಸಲು ಏಳಲಿಲ್ಲ.

ಹೊಸಿಲಿನ ಹತ್ತಿರ ಅವನ ಶೂ ಅವನು ಬಿಟ್ಟ ಹಾಗೆಯೇ ಇತ್ತು, ಒಳಮುಖವಾಗಿ. ಅವನು ಒಳಗೆ ಹೋದಾಗಲೇ ಆಕೆ ಅದನ್ನು ತಿರುಗಿಸಬೇಕಿತ್ತು. ಅಂದರೆ ತಾನು ಬಾಯಿ ತೆರೆಯುವ ಮೊದಲೇ ಆಕೆ ಊಹಿಸಿರಬೇಕು. ಲಿಂಗರಾಜು ಗಂಟನ್ನು ಕೆಳಗಿಟ್ಟು, ಜೋಮು ಹಿಡಿದ ಕಾಲ ಮೇಲೆ ಗೋಡೆಗೆ ಆತುಕೊಂಡು ಬಗ್ಗಿ, ಒಂದೊಂದಾಗಿ ಎರಡನ್ನೂ ಬಾಗಿಲ ಕಡೆಗೆ ತಿರುಗಿಸಿ ಇಟ್ಟ.